ಕೊಳದಲ್ಲಿ ತೇಲುವ ಗಿಡಗಳು: ನಾನು ಹೇಗೆ ಹತೋಟಿಯಲ್ಲಿ ಇಡುತ್ತೇನೆ

ತೋಟದ ಕೊಳದಲ್ಲಿ ತೇಲುವ ಗಿಡಗಳು ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಮೀನಿಗೆ ನೆರಳಾಗುತ್ತದೆ, ಬಿಸಿಲಿಗೆ ನೀರು ಅಷ್ಟಾಗಿ ಕಾಯುವುದಿಲ್ಲ. ಮೀನಿನ ಹಿಕ್ಕೆಯಿಂದ ನೀರಿಗೆ ಸೇರುವ ಸಾರಜನಕ, ರಂಜಕವನ್ನು ಬೇರು ಹೀರಿಕೊಳ್ಳುತ್ತದೆ, ಹಾಗಾಗಿ ಪಾಚಿಗೆ ಊಟ ಕಡಿಮೆಯಾಗುತ್ತದೆ. ಆದರೆ ಗಿಡ ಹೀರಿಕೊಂಡದ್ದು ಕೊಳದಿಂದ ಆಚೆ ಹೋದರೆ ಮಾತ್ರ ಇದರಿಂದ ಲಾಭ. ಅಲ್ಲೇ ಬೆಳೆದು ಅಲ್ಲೇ ಕೊಳೆತರೆ ಎಲ್ಲವೂ ವಾಪಸ್ ನೀರಿಗೇ ಬರುತ್ತದೆ. ಅದಕ್ಕೇ ನಾನು ಗಿಡ ತೆಗೆಯೋದನ್ನು ಕೊಯ್ಲು ಅಂತಲೇ ಲೆಕ್ಕ ಹಾಕುತ್ತೇನೆ. ಕೊಳ ತುಂಬಿ ಹೋಗುವವರೆಗೂ ಕಾಯುವುದಿಲ್ಲ.

ನಾನು ನೋಡುವುದು ಬಯಲು ನೀರನ್ನು. ಅರ್ಧದಷ್ಟು ನೀರಿನ ಮೇಲೆ ಗಿಡ ಇರಬಾರದು. ಆದರೆ ಈ ಅರ್ಧ ಎಲ್ಲ ಗಿಡಕ್ಕೂ ಒಂದೇ ಅಲ್ಲ. ಡಕ್‌ವೀಡ್, ಅಂದರೆ ಹಸಿರು ಚುಕ್ಕಿಗಳ ಹಾಗೆ ತೇಲುವ ಪುಟ್ಟ ಗಿಡ, ಅನುಕೂಲ ಸಿಕ್ಕರೆ ಎರಡು ಮೂರು ದಿನದಲ್ಲೇ ಇಮ್ಮಡಿಯಾಗುತ್ತದೆ. ಅದು ಅರ್ಧ ಕೊಳ ಮುಚ್ಚಿದೆ ಅಂದರೆ ವಾರ ಮುಗಿಯುವುದರೊಳಗೆ ಪೂರ್ತಿ ಮುಚ್ಚಿತು ಅಂತಲೇ ಲೆಕ್ಕ. ನೇರಳೆ ಹೂ ಬಿಡುವ ವಾಟರ್ ಹಯಸಿಂತ್ ಇಮ್ಮಡಿಯಾಗಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು, ಅಲ್ಲಿ ಸ್ವಲ್ಪ ಪುರುಸೊತ್ತು ಇರುತ್ತದೆ.

ಪೂರ್ತಿ ಮುಚ್ಚಿದರೆ ಏನಾಗುತ್ತದೆ? ಗಿಡ ಇದ್ದರೆ ಆಮ್ಲಜನಕ ಜಾಸ್ತಿ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ತೇಲುವ ಗಿಡದ ಎಲೆ ಇರೋದು ಗಾಳಿಯಲ್ಲಿ, ಅಲ್ವಾ? ಅದು ಬಿಡುವ ಆಮ್ಲಜನಕ ಬಹುಪಾಲು ಗಾಳಿಗೇ ಹೋಗುತ್ತದೆ. ಮೇಲೆ ಚಾಪೆ ಹಾಸಿದ ಹಾಗೆ ಆದರೆ ಕೆಳಗಿನ ಗಿಡಗಳಿಗೆ ಬೆಳಕಿಲ್ಲ, ನೀರಿಗೆ ಗಾಳಿಯೂ ಸರಿಯಾಗಿ ತಾಗುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅವತ್ತೇ ಗಿಡ ತೆಗೆಯಬೇಕು.

ಅಷ್ಟು ದೂರ ಹೋಗುವ ಮೊದಲೇ ಗಿಡವೇ ಸೂಚನೆ ಕೊಡುತ್ತದೆ. ವಾಟರ್ ಹಯಸಿಂತ್ ಎಲೆಯ ತೊಟ್ಟನ್ನು ನೋಡಿ. ಜಾಗ ಧಾರಾಳವಾಗಿದ್ದರೆ ತೊಟ್ಟು ಗಿಡ್ಡವಾಗಿ, ನಡುವೆ ಗುಂಡಗೆ ಉಬ್ಬಿರುತ್ತದೆ. ಆ ಉಬ್ಬನ್ನು ಉಗುರಿನಿಂದ ಸೀಳಿದರೆ ಒಳಗೆಲ್ಲ ಸಣ್ಣ ಸಣ್ಣ ಗಾಳಿಗೂಡು, ಗಿಡ ತೇಲುವುದೇ ಅದರಿಂದ. ಒಂದಕ್ಕೊಂದು ಒತ್ತಿ ಬೆಳೆಯಲು ಶುರುವಾದ ಮೇಲೆ ಹೊಸ ತೊಟ್ಟುಗಳು ಉದ್ದಕ್ಕೆ, ತೆಳ್ಳಗೆ ನೆಟ್ಟಗೆ ನಿಲ್ಲುತ್ತವೆ, ಉಬ್ಬು ಕಾಣೋದೇ ಇಲ್ಲ. ಅಕ್ಕಪಕ್ಕದ ಗಿಡವೇ ಆಸರೆ ಆದಾಗ ಅದು ಬೇಕಾಗುವುದೂ ಇಲ್ಲ. ಅಂತರಗಂಗೆಯೂ (ವಾಟರ್ ಲೆಟಿಸ್) ಹಾಗೇ: ಒಂಟಿಯಾಗಿದ್ದಾಗ ಎಲೆಗಳನ್ನು ನೀರಿನ ಮೇಲೆ ಹರಡಿಕೊಂಡಿರುತ್ತದೆ, ಕಿಕ್ಕಿರಿದಾಗ ಎತ್ತಿ ನಿಲ್ಲಿಸಿಕೊಳ್ಳುತ್ತದೆ. ಇದು ಕಂಡರೆ ನಾನು ಅಳತೆ ಗಿಳತೆ ನೋಡುವುದಿಲ್ಲ, ಸುಮ್ನೆ ಕೈಗವಸು ಹಾಕಿಕೊಂಡು ಇಳಿಯುತ್ತೇನೆ. ಕೈಗವಸು ಬೇಕು, ಇವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತವೆ, ಕೆಲವರಿಗೆ ಕೈ ತುರಿಸುತ್ತದೆ.

ಯಾವ ಗಿಡ ತೆಗೆಯಬೇಕು ಅನ್ನೋದೇ ಮುಖ್ಯ. ದಡದ ಹತ್ತಿರ ಕೈಗೆ ಸಿಕ್ಕ ಮರಿಗಳನ್ನು ಬಾಚಿ ಎಸೆದು, ಚೆಂದ ಕಾಣುವ ದೊಡ್ಡ ಗಿಡಗಳನ್ನು ಉಳಿಸಿಕೊಳ್ಳುವುದು ರೂಢಿ. ನಾನು ಉಲ್ಟಾ ಮಾಡುತ್ತೇನೆ. ದೊಡ್ಡ ತಾಯಿಗಿಡದ ಬೆಳವಣಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ, ಕೆಳಗಿನ ಎಲೆಗಳು ಕೊಳೆಯುತ್ತಲೂ ಇರುತ್ತವೆ. ಬೆಳೆಯುವ ಮರಿಯೇ ಜಾಸ್ತಿ ಹೀರುವುದು. ತಾಯಿಗೂ ಮರಿಗೂ ನಡುವಿನ ಬಳ್ಳಿಯನ್ನು ಚಿವುಟಿ, ತಾಯಿಯನ್ನು ತೆಗೆದು ಮರಿಯನ್ನು ಬಿಡುತ್ತೇನೆ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಪೂರ್ತಿ ಬಳಿದುಬಿಟ್ಟರೆ ಬಿಸಿಲು ನೇರ ಒಳಗೆ ಬಿದ್ದು ನೀರು ಹಸಿರಾಗಿಬಿಡುತ್ತದೆ.

ತೆಗೆದ ಗಿಡವನ್ನು ಸೀದಾ ಆಚೆ ಎಸೆಯುವುದಿಲ್ಲ. ಒಂದು ಟಬ್ಬಿಗೆ ಕೊಳದ ನೀರೇ ತುಂಬಿ ಅದರಲ್ಲಿ ಬೇರನ್ನು ಜಾಲಾಡಿಸುತ್ತೇನೆ. ಮೀನಿನ ಮರಿ, ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿಹುಳು ಎಲ್ಲ ಉದುರುತ್ತವೆ. ಬೇಕಾದವನ್ನು ಸಣ್ಣ ಬಲೆಯಲ್ಲಿ ಹಿಡಿದು ಕೊಳಕ್ಕೆ ಬಿಟ್ಟು, ಟಬ್ಬಿನ ನೀರನ್ನು ಹೂವಿನ ಪಾತಿಗೆ ಹಾಕುತ್ತೇನೆ. ವಾಪಸ್ ಕೊಳಕ್ಕೆ ಸುರಿಯದಿರಲು ಕಾರಣ ಇದೆ. ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಯ ಮರಿ ಉಸಿರಾಡಲು ಮೇಲೆ ಬರುವುದೇ ಇಲ್ಲ. ಅಂತರಗಂಗೆ, ಹಯಸಿಂತ್ ಬೇರಿಗೆ ತನ್ನ ಕೊಳವೆ ಚುಚ್ಚಿಕೊಂಡು ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ದಟ್ಟ ಬೇರಿನ ಮರೆಯಲ್ಲಿರುವ ಅದು ಮೀನಿನ ಬಾಯಿಗೂ ಸುಲಭಕ್ಕೆ ಸಿಗುವುದಿಲ್ಲ. ಮೀನಿದೆ, ಸೊಳ್ಳೆ ಚಿಂತೆ ಇಲ್ಲ ಅನ್ನುವವರು ಒಮ್ಮೆ ಬೇರು ಜಾಲಾಡಿಸಿ ನೋಡಬೇಕು.

ಗಿಡ ಎಲ್ಲೆಂದರಲ್ಲಿ ಅಲೆಯದಂತೆ ನೀರು ಹಾಕುವ ಪೈಪನ್ನು ಬಳೆಯ ಆಕಾರಕ್ಕೆ ಜೋಡಿಸಿ ತೇಲಿಬಿಟ್ಟಿದ್ದೇನೆ. ಒಳಗೆ ಗಾಳಿ ಇರಬೇಕು, ಜೋಡಣೆಯಲ್ಲಿ ನೀರು ನುಗ್ಗಬಾರದು. ನೀರಿನ ಮಟ್ಟ ಏರಿಳಿಯುತ್ತದೆ, ಅದಕ್ಕೆ ದಾರ ಸಡಿಲವಾಗಿ ಕಟ್ಟಿದರೆ ಸಾಕು. ಪಂಪಿನ ಬಾಯಿ ಬಳೆಯಿಂದ ಆಚೆ ಇರಲಿ, ಬೇರು ಸಿಕ್ಕಿಕೊಳ್ಳುವ ತಲೆನೋವು ತಪ್ಪುತ್ತದೆ.

ಡಕ್‌ವೀಡ್ ಮಾತ್ರ ಇದಕ್ಕೆಲ್ಲ ಬಗ್ಗುವುದಿಲ್ಲ. ಅದಕ್ಕೆ ಅಲುಗಾಡುವ ನೀರು ಆಗದು. ಪಂಪಿನ ನೀರು ಒಂದು ಕಡೆಯಿಂದ ತಳ್ಳುವ ಹಾಗೆ ಇಟ್ಟರೆ ಎಲ್ಲವೂ ಎದುರು ಮೂಲೆಗೆ ಸೇರುತ್ತದೆ, ಅಲ್ಲಿ ಸಣ್ಣ ಕಣ್ಣಿನ ಬಲೆಯಿಂದ ಎತ್ತಿಬಿಡಬಹುದು. ಗೋಲ್ಡ್‌ಫಿಶ್‌ಗೂ ಅದು ಇಷ್ಟದ ತಿಂಡಿ. ಡಕ್‌ವೀಡ್ ಸಾಮಾನ್ಯವಾಗಿ ಕೊಳಕ್ಕೆ ಬರುವುದು ಹೊಸ ತಾವರೆ ನೈದಿಲೆ ಗಿಡಗಳ ಜೊತೆ ಅಂಟಿಕೊಂಡು, ಹಾಗಾಗಿ ಹೊಸ ಗಿಡ ಯಾವುದೇ ಇರಲಿ, ಮೊದಲು ಚೆನ್ನಾಗಿ ತೊಳೆದು ಕೆಲವು ದಿನ ಬೇರೆ ಬಕೆಟ್ಟಿನಲ್ಲಿ ಇಡುತ್ತೇನೆ.

ಅಜೋಲಾ ಅನ್ನೋ ತೇಲುವ ಪುಟ್ಟ ಜರೀಗಿಡವನ್ನು ಕೊಳಕ್ಕೆ ಬಿಡುವುದಿಲ್ಲ. ಅದರ ಎಲೆಯೊಳಗೆ ಇರುವ ಅನಬೀನಾ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತದೆ. ಅಂದರೆ ನೀರಿನಲ್ಲಿ ಸಾರಜನಕ ಕಡಿಮೆಯಾದರೂ ಅಜೋಲಾ ನಿಲ್ಲುವುದಿಲ್ಲ, ಸತ್ತರೆ ನೀರಿಗೆ ಇನ್ನಷ್ಟು ಸೇರಿಸುತ್ತದೆ. ಗೊಬ್ಬರಕ್ಕೆ ಬೇಕಾದರೆ ಬೇರೆ ತೊಟ್ಟಿಯಲ್ಲಿ ಬೆಳೆಸಿ. ದೊಡ್ಡ ಸಾಲ್ವೀನಿಯಾ ಅನ್ನೋ ಇನ್ನೊಂದು ತೇಲುವ ಜರೀಗಿಡ ಅಂತೂ ಯಾರು ಪುಕ್ಕಟೆ ಕೊಟ್ಟರೂ ಬೇಡ, ತುಂಡು ಉಳಿದರೂ ಮತ್ತೆ ಹಬ್ಬುತ್ತದೆ. ಕಳೆನಾಶಕ ಹೊಡೆಯುವುದೂ ಬೇಡ. ಅಷ್ಟೂ ಗಿಡ ಒಟ್ಟಿಗೆ ಕೊಳೆತು ಆಮ್ಲಜನಕ ತಿಂದುಹಾಕುತ್ತದೆ.

ಹಯಸಿಂತ್ ಹೂ ನೋಡಲು ಚೆಂದ. ಆದರೆ ಹೂ ಬಾಡಿದ ಮೇಲೆ ಅದರ ದಂಟು ಬಾಗಿ ನೀರೊಳಗೆ ಇಳಿಯುತ್ತದೆ, ಬೀಜ ಕಟ್ಟಿದ್ದರೆ ಅಲ್ಲೇ ಉದುರುತ್ತದೆ. ಕೆಸರಿನಲ್ಲಿ ಆ ಬೀಜಗಳು ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಹೂ ಬಾಡಿತು ಅಂದ ತಕ್ಷಣ ದಂಟು ಚಿವುಟಿಬಿಡುತ್ತೇನೆ.

ಕೊಳ ತುಂಬಿ ಹರಿಯುವ ಜಾಗಕ್ಕೆ ಜಾಲರಿ ಕಟ್ಟಲೇಬೇಕು. ಜೋರು ಮಳೆಗೆ ಒಂದು ಮರಿ ಚರಂಡಿ ಸೇರಿ ಕೆರೆಗೋ ಹೊಳೆಗೋ ಹೋದರೆ ಮತ್ತೆ ಹಿಡಿಯುವವರು ಯಾರು? ಐರೋಪ್ಯ ಒಕ್ಕೂಟದಲ್ಲಿ 2016ರಿಂದ ವಾಟರ್ ಹಯಸಿಂತ್ ಮಾರುವುದನ್ನೂ ಬೆಳೆಸುವುದನ್ನೂ ನಿಷೇಧಿಸಿರುವುದು ಇದೇ ಭಯಕ್ಕೆ. ತೆಗೆದ ಗಿಡದ ವಿಷಯದಲ್ಲೂ ಇದೇ ಎಚ್ಚರ. ಗಿಡದ ತೂಕದಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರೇ ಇರುವುದರಿಂದ ದೊಡ್ಡ ರಾಶಿಯೂ ಬಿಸಿಲಿಗೆ ಬೇಗ ಕುಗ್ಗುತ್ತದೆ. ಕಲ್ಲು ಹಾಸಿನ ಮೇಲೆ ತೆಳ್ಳಗೆ ಹರಡಿ, ಮುರಿದರೆ ಪಟ್ ಅನ್ನುವಷ್ಟು ಒಣಗಿಸಿ, ಆಮೇಲೇ ಗೊಬ್ಬರದ ಗುಂಡಿಗೆ ಹಾಕುತ್ತೇನೆ.