ಉಚ್ಚೆ ಮಾಡಿ ಬಂದ ಮೇಲೆ ಇನ್ನೊಂದು ಸ್ಕ್ಯಾನ್

"ಬೇಕಂತಲೇ ಮಾಡ್ತಾಳ್ರೀ ಇಕಿ." ಆಳಂದ ಕಡೆಯಿಂದ ಬಂದ ತಾಯಿ ಹೀಗೆ ಹೇಳುವಾಗ ಏಳು ವರ್ಷದ ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಹಗಲಲ್ಲೇ ಚಡ್ಡಿ ಒದ್ದೆ. ಆಟದ ನಡುವೆ ಹಿಮ್ಮಡಿ ಮೇಲೆ ಕೂತುಬಿಡುತ್ತಾಳಂತೆ. ಪಾಪ, ಉಚ್ಚೆ ತಡೆಯೋಕೆ ಅವಳೇ ಕಂಡುಕೊಂಡ ದಾರಿ ಅದು.

ಕಲಬುರಗಿಯಲ್ಲಿ ಸ್ಕ್ಯಾನಿಂಗ್ ಶುರು ಮಾಡಿದ ದಿನಗಳಲ್ಲಿ ಇಂಥ ಮಕ್ಕಳ ಕಿಡ್ನಿ, ತುಂಬಿದ ಮೂತ್ರಕೋಶ ಇಷ್ಟೇ ನೋಡಿ 'ಎಲ್ಲ ಸರಿ ಇದೆ' ಅಂತ ಬರೆಯುತ್ತಿದ್ದೆ. ಆ ರಿಪೋರ್ಟಿನಿಂದ ಮಗುವಿಗೆ ಬೈಗುಳವೇ ಜಾಸ್ತಿ ಆಗಿರಬೇಕು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಈಗ ಎರಡು ಸಲ ನೋಡುತ್ತೇನೆ. ಒತ್ತಾಯದಿಂದ ನೀರು ಕುಡಿಸಿ ತಡೆಸುವುದಿಲ್ಲ. ಅತಿಯಾಗಿ ತುಂಬಿದ ಮೂತ್ರಕೋಶ ಸರಿಯಾಗಿ ಖಾಲಿ ಆಗುವುದಿಲ್ಲ, ಲೆಕ್ಕ ತಪ್ಪುತ್ತದೆ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಎಷ್ಟು ಮಿಲಿ ಹಿಡಿಯಬೇಕು ಅನ್ನುವ ಅಂದಾಜು ಸಿಗುತ್ತದೆ. ಏಳು ವರ್ಷಕ್ಕೆ 240. ಇವಳು "ಬಂತ್ರೀ" ಅಂದಾಗ 215 ಇತ್ತು. ಅವಸರ ಮಾಡದೆ ಬಾತ್‌ರೂಮಿಗೆ ಕಳಿಸಿ, ಬಂದ ಐದು ನಿಮಿಷದೊಳಗೆ ಮತ್ತೆ ನೋಡಿದೆ. ಇನ್ನೂ 50 ಮಿಲಿ ಉಳಿದಿತ್ತು. ಈ ವಯಸ್ಸಿನಲ್ಲಿ 20 ದಾಟಿದರೇ ಜಾಸ್ತಿ. ಒಂದೇ ಅಳತೆ ನಂಬುವಂತಿಲ್ಲ. ಮತ್ತೆ ತುಂಬುವ ತನಕ ಕೂರಿಸಿ, ಉಚ್ಚೆಗೆ ಕಳಿಸಿ ನೋಡಿದೆ, ಉಳಿದದ್ದು 45.

ಅಸಲು ಸಂಗತಿ ಮೂತ್ರಕೋಶದ ಹಿಂದೆ ಇತ್ತು. ಹೊಕ್ಕಳ ಕೆಳಗೆ ಪ್ರೋಬ್ (ಹೊಟ್ಟೆ ಮೇಲೆ ಆಡಿಸುವ ಸ್ಕ್ಯಾನಿನ ಸಾಧನ) ಅಡ್ಡ ಇಟ್ಟಾಗ ಬೆಳ್ಳಗಿನ ಅರ್ಧಚಂದ್ರ, ಅದರ ಹಿಂದೆ ಕಪ್ಪು ನೆರಳು. ಗಟ್ಟಿ ಮಲ ತುಂಬಿದ ಕರುಳಿನ ಕೊನೆ ಭಾಗ ಮೂತ್ರಕೋಶವನ್ನು ಮುಂದಕ್ಕೆ ಒತ್ತುತ್ತಿತ್ತು. ಅಗಲ 42 ಮಿಮೀ. 30 ದಾಟಿದರೆ ಮಲಬದ್ಧತೆಯ ಗುಮಾನಿ ಬರಬೇಕು.

"ದಿನಾ ಸಂಡಾಸಕ್ಕ ಹೋಗ್ತಾಳಲ್ರೀ" ಅಂದರು ತಾಯಿ. ಪರದೆ ಅವರ ಕಡೆ ತಿರುಗಿಸಿದೆ. "ಇದು ಹಿಂಗ ಒತ್ತಿದ್ರ ಉಚ್ಚೆ ಹ್ಯಾಂಗ ನಿಲ್ತದವ್ವಾ?" ಅವರು ಮಾತಾಡಲಿಲ್ಲ. ಮಗಳ ಹೊಟ್ಟೆ ಮೇಲಿನ ಜೆಲ್ ಅನ್ನು ತಮ್ಮ ಸೆರಗಿನಿಂದಲೇ ಒರೆಸಿದರು.

ಕಿಡ್ನಿ ಸರಿ ಇದ್ದವು. ಮೂತ್ರಕೋಶದ ಗೋಡೆಯೂ ದಪ್ಪ ಆಗಿರಲಿಲ್ಲ. (ಹೆಣ್ಣುಮಗು ಉಚ್ಚೆ ಮಾಡಿ ಬಂದರೂ ಹಗಲು ರಾತ್ರಿ ಹನಿ ಹನಿ ಸೋರುತ್ತಲೇ ಇದ್ದರೆ ಬೇರೆ ಮಾತು. ಕಿಡ್ನಿಯಿಂದ ಇಳಿಯುವ ಮೂತ್ರನಾಳವೇ ತಪ್ಪು ಜಾಗಕ್ಕೆ ಸೇರಿರಬಹುದು, ಸ್ಕ್ಯಾನಿನಲ್ಲಿ ಅದು ಕಾಣದೆಯೂ ಹೋಗಬಹುದು.) ಮಕ್ಕಳ ಡಾಕ್ಟರು ಮಲ ಮೆತ್ತಗಾಗಲು ಪುಡಿ ಕೊಟ್ಟರು, ಎರಡು ಮೂರು ಗಂಟೆಗೊಮ್ಮೆ ಉಚ್ಚೆಗೆ ಕಳಿಸಲು ಹೇಳಿದರು. ಶಾಲೆಯ ಬಾತ್‌ರೂಮಿಗೆ ಚಿಲಕ ಇಲ್ಲ, ಅದಕ್ಕೇ ಸಂಜೆ ತನಕ ತಡೆಯುತ್ತೇನೆ ಅಂತ ಹುಡುಗಿ ಬಾಯಿ ಬಿಟ್ಟದ್ದೂ ಅಲ್ಲೇ.

ಮೂರು ತಿಂಗಳ ಮೇಲೆ ಮತ್ತೆ ಬಂದರು. ಉಳಿಕೆ 12 ಮಿಲಿ, ಕರುಳಿನ ಅಗಲ 27. "ವಾರದಾಗ ಒಂದ್ಸಲ ಚಡ್ಡಿ ಒದ್ದಿ ಆಗ್ತದ್ರೀ ಇನ್ನಾ," ಅಂದರು ತಾಯಿ. "ಆದ್ರ ನಾ ಬೈಯಂಗಿಲ್ರೀ ಈಗ."