ಹುಣಚಿಕಾಯಿ ತೊಕ್ಕು: ಕಾಯಿ ಆರಿಸೋದರಲ್ಲೇ ಅರ್ಧ ಕೆಲಸ

ಧಾರವಾಡದ ಕಡೆ ಸಂಕ್ರಾಂತಿ ಹೊತ್ತಿಗೆ ಸಂತೆಯಲ್ಲಿ ಹಸಿ ಹುಣಸೆಕಾಯಿ ಕಾಣುತ್ತದೆ. ನಮ್ಮ ಬಾಯಲ್ಲಿ ಅದು ಹುಣಚಿಕಾಯಿ. ಬುಟ್ಟಿ ಮುಂದೆ ಕೂತು ಒಂದು ಕಾಯಿ ಮುರಿದು ನೋಡಿ, ಸಂಕೋಚ ಬೇಡ. ಬೀಜ ಮೂಡಿರಬೇಕು, ಆದರೆ ಉಗುರು ನಾಟುವಷ್ಟು ಎಳೆಯದಾಗಿರಬೇಕು. ಬೀಜ ಕಂದಾಗಿ, ಸಿಪ್ಪೆ ತಿರುಳು ಬಿಟ್ಟಿದ್ದರೆ ಅದು ದೋರಗಾಯಿ. ಉಪ್ಪು ಹಚ್ಚಿಕೊಂಡು ತಿನ್ನೋಕೆ ಮಜಾ, ತೊಕ್ಕಿಗೆ ಬೇಡ.

1 ಕೆಜಿ ಕಾಯಿಗೆ 200 ಗ್ರಾಂ ಕಲ್ಲುಪ್ಪು, 2 ಚಮಚ ಅರಿಶಿನ, 2 ಚಮಚ ಹುರಿದ ಮೆಂತ್ಯದ ಪುಡಿ, ಅರ್ಧ ಚಮಚ ಇಂಗು ಸಾಕು.

ಕಾಯಿ ತೊಳೆದು, ಒರೆಸಿ, ರಾತ್ರಿಯಿಡೀ ಬಟ್ಟೆ ಮೇಲೆ ಹರವಿ. ಮೊದಲ ವರ್ಷ ನಾನು ಒರೆಸಿದ್ದೇ ಸಾಕು ಅಂತ ಸುಮ್ನೆ ಕುಟ್ಟಿಬಿಟ್ಟೆ, ಹದಿನೈದು ದಿನಕ್ಕೆ ಮೇಲೆಲ್ಲ ಬಿಳಿ ಬೂಷ್ಟು ಬಂದು ಇಡೀ ಜಾಡಿ ತಿಪ್ಪೆಗೆ ಹೋಯಿತು.

ತೊಟ್ಟು ಮುರಿದು, ಬೆನ್ನಿನ ನಾರು ಎಳೆದು, ಉಪ್ಪು ಅರಿಶಿನ ಹಾಕಿ ಕಲ್ಲಿನಲ್ಲಿ ತರಿತರಿಯಾಗಿ ಕುಟ್ಟಿ. ಮಿಕ್ಸರ್ ಬೇಡ, ನಾರು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಪಿಂಗಾಣಿ ಜಾಡಿಗೆ ಒತ್ತಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ. ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆ ಬೇಡವೇ ಬೇಡ. ಹುಣಸೆಯ ಟಾರ್ಟಾರಿಕ್ ಆಮ್ಲ ಲೋಹವನ್ನು ತಿನ್ನುತ್ತದೆ, ದೇವರ ಸಾಮಾನು ಬೆಳಗೋದೂ ಇದೇ ಹುಳಿಯಿಂದ ಅಲ್ವಾ?

ಮೂರು ದಿನ ಮುಟ್ಟಬೇಡಿ. ನಾಲ್ಕನೇ ದಿನ ಹಸಿರು ಹೋಗಿ ಮಣ್ಣಿನ ಬಣ್ಣ ಬಂದಿರುತ್ತದೆ, ಕಾಯಿ ಮೆತ್ತಗಾಗಿರುತ್ತದೆ. ಈಗ ಮತ್ತೆ ಕುಟ್ಟಿ, ಬೀಜ, ನಾರು ಒಂದೊಂದಾಗಿ ಆರಿಸಿ ತೆಗೆಯಿರಿ. ಬೇಜಾರಿನ ಕೆಲಸ ಇದು, ಬೆರಳಿಗೆ ಸಣ್ಣ ಗಾಯ ಇದ್ದರೂ ಉರಿಗೆ ಕಣ್ಣೀರು ಬರುತ್ತದೆ, ಹಾಗಾಗಿ ನಾನು ಪ್ರತಿ ಸಲ ಮನೆಯವರನ್ನೂ ಕೂರಿಸಿಕೊಳ್ಳುತ್ತೇನೆ. ಆಮೇಲೆ ಮೆಂತ್ಯದ ಪುಡಿ, ಇಂಗು ಕಲಸಿ ಜಾಡಿಗೆ ತುಂಬಿ. ಒಣ ಚಮಚ ಹಾಕಿದರೆ ವರ್ಷ ಪೂರ್ತಿ ಇರುತ್ತದೆ.

ಖಾರ ಮಾತ್ರ ಜಾಡಿಗೆ ಹಾಕಬೇಡಿ. ಬೇಕಾದಾಗ ನಿಂಬೆ ಗಾತ್ರದ ತೊಕ್ಕು ತೆಗೆದು, ನಾಲ್ಕು ಹಸಿಮೆಣಸಿನಕಾಯಿ, ಚೂರು ಬೆಲ್ಲ ಸೇರಿಸಿ ಅರೆದು, ಸಾಸಿವೆ ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಕೆಂಪಗೆ ಬೇಕಿದ್ದರೆ ಬ್ಯಾಡಗಿ ಮೆಣಸಿನಕಾಯಿ, ಬಣ್ಣ ಜಾಸ್ತಿ, ಖಾರ ಕಡಿಮೆ. ನನಗಂತೂ ಹಸಿರೇ ಇಷ್ಟ. ಬಿಸಿ ಜೋಳದ ರೊಟ್ಟಿ ಮೇಲೆ ತೊಕ್ಕು ಸವರಿ, ಮೇಲೊಂದು ಚಮಚ ಹಸಿ ಶೇಂಗಾ ಎಣ್ಣೆ ಹಾಕಿಕೊಳ್ಳಿ.