ವೀಣೇಲಿ ಮಾಸ್ಟರ್ಸ್: ಮಂಡ್ಯ–ಮೈಸೂರು ಓಡಾಡ್ಕೊಂಡು ಮಾಡಿದ ನನ್ನ ಅನುಭವ

ವೀಣೇಲಿ ಮಾಸ್ಟರ್ಸ್ ಮಾಡ್ಬೇಕು ಅಂತ ಈ ವರ್ಷ ಮೂರ್ನಾಲ್ಕು ಜನ ಫೋನ್ ಮಾಡಿದ್ರು, ಎಲ್ಲರೂ ಮೊದಲು ಕೇಳಿದ್ದು ಒಂದೇ, ಎಷ್ಟು ಕೃತಿ ಬರ್ಬೇಕು ಮೇಡಂ ಅಂತ. ನಾನೂ ಆಡಿಷನ್‌ಗೆ ಹೋದಾಗ ಇದೇ ಲೆಕ್ಕ ಇಟ್ಕೊಂಡು ಹೋಗಿದ್ದೆ. ಜೂನಿಯರ್, ಸೀನಿಯರ್, ವಿದ್ವತ್ ಸಂಗೀತ ಪರೀಕ್ಷೆ ಎಲ್ಲಾ ಮುಗಿದಿತ್ತು, ನಾಲ್ಕು ನೋಟ್‌ಬುಕ್ ತುಂಬಾ ಪಾಠಾಂತರ, ಎಣಿಸಿದ್ರೆ ನೂರನಲವತ್ತು ಕೃತಿ. ಅಲ್ಲಿ ಮೂರು ಜನ ಕೂತಿದ್ರು. ಭೈರವಿ ಅಟತಾಳ ವರ್ಣ ಎರಡು ಕಾಲದಲ್ಲಿ ಕೇಳಿದ್ರು, ಚೆನ್ನಾಗೇ ಬಂತು. ಆಮೇಲೆ ಒಬ್ಬರು, "ಕಲ್ಯಾಣಿ ನುಡಿಸಮ್ಮ, ಕೃತಿ ಬೇಡ, ಆಲಾಪನೆ ತಾನ ಸೇರಿಸಿ ಒಂದು ಹತ್ತು ನಿಮಿಷ" ಅಂದ್ರು. ಅಂದ್ರೆ ಪಾಠ ಆದ ಕೃತಿ ಇಲ್ಲದೆ ರಾಗವನ್ನ ನಾವೇ ಬೆಳೆಸ್ಬೇಕು, ಆಲಾಪನೇಲಿ ನಿಧಾನವಾಗಿ, ತಾನದಲ್ಲಿ ಲಯದ ಮೀಟಿನ ಜೊತೆ. ಮೂರು ನಿಮಿಷಕ್ಕೆ ನನ್ನ ಹತ್ರ ಇದ್ದಿದ್ದೆಲ್ಲಾ ಖಾಲಿ. ತಾರಸ್ಥಾಯಿಗೆ ಹೋಗಿ ವಾಪಸ್ ಬಂದೆ, ಮತ್ತೆ ಹೋದೆ, ಅದೇ ಸಂಚಾರಗಳೇ, ಅಂದ್ರೆ ಅದೇ ಸ್ವರಗಳ ಓಡಾಟವೇ, ಮತ್ತೆ ಮತ್ತೆ ಬರ್ತಿವೆ ಅಂತ ನನಗೇ ಗೊತ್ತಾಗ್ತಿತ್ತು. "ಕಲ್ಯಾಣೀಲಿ ಎಷ್ಟು ಕೃತಿ ಪಾಠ ಆಗಿದೆ?" ಅಂದ್ರು. ಹನ್ನೊಂದು ಸರ್ ಅಂದೆ. ಅವರು ಏನೂ ಅನ್ನಲಿಲ್ಲ, ಬರ್ಕೊಂಡ್ರು. ಸೀಟು ಸಿಕ್ತು, ಆದ್ರೆ ವಾಪಸ್ ಬರೋವಾಗ ಟ್ರೇನಲ್ಲಿ ನನಗೆ ಆ ಹನ್ನೊಂದು ಬಿಟ್ಟು ಬೇರೆ ಯೋಚನೆ ಬರಲಿಲ್ಲ.

ನಮ್ಮದು ಮಂಡ್ಯ. ಅಪ್ಪ ಸಕ್ಕರೆ ಕಾರ್ಖಾನೇಲಿ ಕೆಲಸಕ್ಕಿದ್ರು. ನಾನು ಬಿ.ಕಾಂ. ಮಾಡಿ ಒಂದು ಸೊಸೈಟೀಲಿ ಮೂರು ವರ್ಷ ಲೆಕ್ಕ ಬರೀತಿದ್ದೆ, ಸಾಯಂಕಾಲ ಮಕ್ಕಳಿಗೆ ಪಾಠ. ಮಾಸ್ಟರ್ಸ್ ಅಂದಾಗ ಅಪ್ಪ, "ಎಂ.ಕಾಂ. ಮಾಡವ್ವ, ವೀಣೆ ಎಲ್ಲಿಗೋಯ್ತದೆ, ಮನೇಲೇ ಇರ್ತದಲ್ಲ" ಅಂದ್ರು. ಅವರ ಮಾತಲ್ಲಿ ತಪ್ಪಿರಲಿಲ್ಲ, ನನಗೆ ಆಗಲೇ ಇಪ್ಪತ್ತಾರು. ಅವ್ವ ಮಾತ್ರ, ಎರಡು ವರ್ಷ ತಾನೆ, ಹೋಗ್ಲಿ ಬಿಡಿ ಅಂತ ನನ್ನ ಪರ ನಿಂತ್ಕೊಂಡ್ರು.

ಮೈಸೂರಲ್ಲಿ ಓದೋಕೆ ಜಾಗಕ್ಕೆ ಕೊರತೆ ಇಲ್ಲ. ಮಾನಸಗಂಗೋತ್ರಿ ಕಡೆ ಲಲಿತಕಲೆಗಳ ಕಾಲೇಜಿದೆ, ಸಂಗೀತಕ್ಕೇ ಅಂತ ಗಂಗೂಬಾಯಿ ಹಾನಗಲ್ ಅವರ ಹೆಸರಲ್ಲಿ ಒಂದು ವಿಶ್ವವಿದ್ಯಾಲಯನೇ ಇದೆ. ನಾನು ಎಲ್ಲಿ ಓದಿದೆ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಮುಖ್ಯ ಏನಂದ್ರೆ ಪ್ರಾಕ್ಟಿಕಲ್ ಕ್ಲಾಸ್ ಒಂದು ಗಂಟೆ, ಅದರಲ್ಲಿ ನಾವು ನಾಲ್ಕು ಜನ, ಒಬ್ಬೊಬ್ಬರ ಪಾಲಿಗೆ ಕಾಲು ಗಂಟೆ. ಎಷ್ಟು ಒಳ್ಳೆ ಮೇಷ್ಟ್ರಿದ್ರೂ ಕಾಲು ಗಂಟೇಲಿ ಏನು ತಿದ್ದೋಕಾಗುತ್ತೆ ಹೇಳಿ. ಅದಕ್ಕೇ ಕೇಳಿದವರಿಗೆಲ್ಲಾ ನಾನು ಹೇಳೋದು, ಅಡ್ಮಿಷನ್‌ಗಿಂತ ಮುಂಚೆ ಕಾಲೇಜಿನ ಹೊರಗೆ ಒಬ್ಬ ಗುರುಗಳನ್ನ ನೋಡ್ಕೊಳ್ಳಿ. ಕಾಲೇಜು ನಿಮಗೆ ತಾರೀಖು ಕೊಡುತ್ತೆ, ಲೈಬ್ರರಿ ಕೊಡುತ್ತೆ, ಜೊತೆಗಾರರನ್ನ ಕೊಡುತ್ತೆ, ವೇದಿಕೆ ಕೊಡುತ್ತೆ. ಕೈ ತಿದ್ದೋದು ಗುರುಗಳ ಮನೇಲಿ.

ನನ್ನ ಗುರುಗಳು ಕೃಷ್ಣಮೂರ್ತಿಪುರಂನಲ್ಲಿ ಇದ್ದ ವಯಸ್ಸಾದ ಅಮ್ಮ. ವೀಣೆ ಶೇಷಣ್ಣನವರು (1852–1926), ಅವರ ಶಿಷ್ಯರು ವೆಂಕಟಗಿರಿಯಪ್ಪನವರು, ಅವರ ಶಿಷ್ಯರು ದೊರೆಸ್ವಾಮಿ ಅಯ್ಯಂಗಾರ್ಯರು, ಈ ದಾರಿಯ ಪಾಠ ಅವರದ್ದು. ಮೈಸೂರು ಬಾನಿ, ಅಂದ್ರೆ ಮೈಸೂರಿನವರು ನುಡಿಸೋ ಶೈಲಿ, ಅಂತ ಪುಸ್ತಕದಲ್ಲಿ ಓದಿದ್ದೆ, ಕೈಯಲ್ಲಿ ಅದು ಏನು ಅಂತ ಅಲ್ಲೇ ಗೊತ್ತಾಗಿದ್ದು. ಮಂಡ್ಯದಲ್ಲಿ ನಾನು ಕಲಿತಿದ್ದು ಎಡಗೈ ಬೆರಳೆರಡನ್ನೂ ಜೋಡಿಸಿಕೊಂಡು ಎಲ್ಲಾ ಕಡೆ ತಂತಿ ಎಳೆದು ಗಮಕ ತುಂಬೋ ಕ್ರಮ. ಇವರು ಮೊದಲ ದಿನವೇ, "ಬೆರಳು ಬಿಡಿಸು ಮಗೂ, ತೋರುಬೆರಳು ಬೇರೆ, ನಡುಬೆರಳು ಬೇರೆ, ಮೀಟು ಒಂದೊಂದೂ ಕೇಳಬೇಕು" ಅಂದ್ರು. ಎರಡು ತಿಂಗಳು ಕೃತಿನೇ ಇಲ್ಲ, ಬರೀ ಸರಳೆ, ಜಂಟಿ ವರಸೆ, ಹೊಸಬರಿಗೆ ಹೇಳಿಕೊಡೋ ಮೊದಲ ಪಾಠಗಳು. ವಿದ್ವತ್ ಆದೋಳು ಸರಳೆ ನುಡಿಸ್ಕೊಂಡು ಕೂತಾಗ ಎಷ್ಟೋ ದಿನ ಅಳು ಬಂದಿದೆ. ಟ್ರೇನಲ್ಲಿ ಮಡಿಲ ಮೇಲೆ ಬ್ಯಾಗ್ ಇಟ್ಕೊಂಡು ಅದರ ಮೇಲೇ ಎರಡು ಬೆರಳು ಬಿಡಿಸಿ ಆಡಿಸ್ತಾ ಕೂರ್ತಿದ್ದೆ. ಹಳೇ ಅಭ್ಯಾಸ ಹೋಗೋಕೆ ಆರು ತಿಂಗಳಾಯ್ತು, ಆದ್ರೆ ಹೋದ್ಮೇಲೆ ನನ್ನ ವೀಣೆ ನಾದನೇ ಬೇರೆ ಆಯ್ತು, ಅಪ್ಪನೇ ಒಂದಿನ ಒಳಗೆ ಬಂದು "ಹೊಸ ತಂತಿ ಹಾಕಿಸ್ದಾ?" ಅಂತ ಕೇಳಿದ್ರು.

ಈಗ ವಾದ್ಯದ ವಿಷಯ, ಇದನ್ನ ಯಾರೂ ಮೊದಲೇ ಹೇಳಲ್ಲ. ಪಿಟೀಲಾದ್ರೆ ಹೆಗಲಿಗೆ ಹಾಕ್ಕೊಂಡು ಬರಬಹುದು, ವೀಣೆ ಹಾಗಲ್ಲ. ಮೊದಲ ವಾರ ಹುಮ್ಮಸ್ಸಲ್ಲಿ ಟ್ರೇನಲ್ಲಿ ತಗೊಂಡು ಹೋದೆ, ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಎಲ್ಲಾ ದಾಟಿ ಜೋಪಾನವಾಗಿ ಬಂದು ಮೈಸೂರು ಪ್ಲಾಟ್‌ಫಾರ್ಮಲ್ಲಿ ಇಳಿಯೋವಾಗ ಯಾರದೋ ಟ್ರಂಕ್ ತಾಗಿ ಮೇಲಿನ ಸೋರೆ ಬುರುಡೆ ಬಿರುಕು ಬಿಡ್ತು. ಆ ಬುರುಡೆ ತಿರುಗಿಸಿ ಬಿಚ್ಚೋಕಾಗುತ್ತೆ, ಬಿಚ್ಚಿ ಬೇರೆ ಚೀಲದಲ್ಲಿ ಇಟ್ಕೊಳ್ಳಬೇಕಿತ್ತು, ನೀವು ಹಾಗೇ ಮಾಡಿ. ಆಮೇಲೆ ನಾನು ಆ ವೀಣೆನ ಗುರುಗಳ ಮನೇಲಿ ಬಿಟ್ಟೆ, ಮಂಡ್ಯದಲ್ಲಿ ಅಭ್ಯಾಸಕ್ಕೆ ಒಂದು ಹಳೇದು ಕೊಂಡ್ಕೊಂಡೆ. ಕಾಲೇಜಿನ ವೀಣೆಗಳನ್ನ ನಂಬ್ಕೊಂಡು ಕೂರಬೇಡಿ, ದಿನಾ ಹತ್ತು ಕೈ ಓಡಾಡೋ ವಾದ್ಯದಲ್ಲಿ ಶ್ರುತಿ ನಿಲ್ಲಲ್ಲ.

ಇನ್ನೊಂದು ಮೇಳ, ಅಂದ್ರೆ ತಂತಿ ಒತ್ತೋ ಮೆಟ್ಟುಗಳನ್ನ ಶ್ರುತಿಗೆ ಸರಿಯಾಗಿ ಮೇಣದಲ್ಲಿ ಕೂರಿಸೋದು. ಮೊದಲ ವರ್ಷದ ಏಪ್ರಿಲ್ ಬಿಸಿಲಿಗೆ ಮನೆ ವೀಣೆ ಮೇಣ ಮೆತ್ತಗಾಗಿ ತಾರಸ್ಥಾಯಿ ಮೆಟ್ಟುಗಳೆಲ್ಲಾ ಒಂದೊಂದು ಕಡೆ ಸರಿದಿದ್ವು, ಎಷ್ಟು ಸಾಧನೆ ಮಾಡಿದ್ರೂ ಅಪಸ್ವರ, ನಾನು ನನ್ನ ಕಿವಿ ಕೆಟ್ಟಿದೆ ಅಂತಲೇ ಅಂದ್ಕೊಂಡಿದ್ದೆ. ಅವಸರಕ್ಕೆ ಒಬ್ಬರ ಹತ್ರ ಕೊಟ್ಟೆ, ಒಂದೇ ಸಾಯಂಕಾಲದಲ್ಲಿ ಮುಗಿಸಿ ಕೊಟ್ರು, ಅಂತರ ಗಾಂಧಾರ ಎರಡು ಸ್ಥಾಯೀಲೂ ಒಂದೇ ತರ ಇರಲಿಲ್ಲ. ದುಡ್ಡು ಹೋಯ್ತು. ಆಮೇಲೆ ಗುರುಗಳು ಒಬ್ಬ ವಯಸ್ಸಾದ ಮೇಳಗಾರರ ಹತ್ರ ಕಳಿಸಿದ್ರು, ಅವರು "ಇಲ್ಲೇ ಕೂತ್ಕೊಳ್ಳಮ್ಮ, ಕೇಳ್ತಾ ಇರು" ಅಂದ್ರು. ಜೇನುಮೇಣಕ್ಕೆ ಕಪ್ಪು ಪುಡಿ ಸೇರಿಸಿ ಕಾಯಿಸಿ ದಂಡಿ ಮೇಲೆ ಎರಡು ಸಾಲು ಕಟ್ಟಿ, ಒಂದೊಂದು ಮೆಟ್ಟನ್ನೂ ಇಟ್ಟು, ಮೀಟಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಮೀಟಿ, ಹೀಗೆ ಇಪ್ಪತ್ನಾಲ್ಕು ಮೆಟ್ಟು. ಎರಡು ದಿನ ಹಿಡೀತು.

ಆ ಎರಡು ದಿನ ನನಗೆ ಇಡೀ ಸೆಮಿಸ್ಟರ್‌ನ ಶಾಸ್ತ್ರ ಪಾಠ ಆಯ್ತು. ಆಗ ಪೇಪರ್‌ಗೆ ರಾಮಾಮಾತ್ಯನ ಸ್ವರಮೇಳಕಲಾನಿಧಿ ಓದ್ತಿದ್ವಿ, ವಿಜಯನಗರದ ಕಾಲದ್ದು, 1550ರದ್ದು, ಅದರಲ್ಲಿ ವೀಣೆಯ ತಂತಿ, ಮೆಟ್ಟು, ಯಾವ ತಂತಿಯ ಕೆಳಗೆ ಯಾವ ಸ್ವರ ಬರುತ್ತೆ ಅಂತ ಪುಟಗಟ್ಟಲೆ ಇದೆ, ನನಗೆ ತಲೆಗೇ ಹೋಗ್ತಿರಲಿಲ್ಲ. ಹಿಂದೆ ರಾಗಕ್ಕೆ ತಕ್ಕ ಹಾಗೆ ಮೆಟ್ಟು ಸರಿಸಿಕೊಳ್ಳಬೇಕಾಗ್ತಿತ್ತು, ಸ್ಥಾಯಿಗೆ ಹನ್ನೆರಡರಂತೆ ಇಪ್ಪತ್ನಾಲ್ಕು ಮೆಟ್ಟು ಕದಲದ ಹಾಗೆ ಕೂರಿಸಿದ ನಮ್ಮ ಈಗಿನ ವೀಣೆನ ತಂಜಾವೂರಿನ ರಘುನಾಥ ನಾಯಕನ ಕಾಲದ್ದು ಅಂತಾರೆ. ಅದೇ ಆಸ್ಥಾನದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ 72 ಮೇಳ (ಇದು ಬೇರೆ ಅರ್ಥದ ಮೇಳ, ರಾಗಗಳ ಮೂಲ ಸ್ವರಕ್ರಮ) ಹೇಳಿದ್ದು, ಅವನ ಚತುರ್ದಂಡಿಪ್ರಕಾಶಿಕೆಯ ಮೊದಲ ಪ್ರಕರಣವೇ ವೀಣೇದು. ಯಾಕೆ ವೀಣೆಯಿಂದಲೇ ಶುರು ಮಾಡಿದ್ರು ಅಂತ ಆ ಮೇಣದ ವಾಸನೇಲಿ ಕೂತು ನೋಡಿದಾಗ ಕಣ್ಣಿಗೆ ಕಟ್ಟಿದ ಹಾಗೆ ಅರ್ಥ ಆಯ್ತು. ಶಾಸ್ತ್ರದ ಪೇಪರ್ ಕಷ್ಟ ಅನ್ನೋರು ಒಂದು ಸಲ ಮೇಳ ಕಟ್ಟೋದನ್ನ ಕೂತು ನೋಡಿ ದಯವಿಟ್ಟು.

ಇನ್ನು ಆ ಮೂರು ನಿಮಿಷದ ಕಥೆಗೆ ಬರ್ತೀನಿ, ಎರಡು ವರ್ಷದಲ್ಲಿ ನಾನು ನಿಜವಾಗಿ ಕಲಿತಿದ್ದು ಅದನ್ನೇ. ಎರಡನೇ ಸೆಮಿಸ್ಟರ್‌ನಲ್ಲಿ ಗುರುಗಳಿಗೆ ಆಡಿಷನ್ ವಿಷಯ ಹೇಳಿದೆ. ಅವರು, "ನಾಳೆಯಿಂದ ಷಡ್ಜದಿಂದ ಪಂಚಮದವರೆಗೆ ಮಾತ್ರ ಕಲ್ಯಾಣಿ, ಪಂಚಮ ದಾಟಬೇಡ" ಅಂದ್ರು. ಎಷ್ಟು ಹೊತ್ತು ಅಮ್ಮ ಅಂದ್ರೆ, "ನಾನು ಸಾಕು ಅನ್ನೋವರೆಗೆ." ಸ ರಿ ಗ ಮ ಪ, ಐದೇ ಸ್ವರ. ಮೊದಲ ದಿನ ಎರಡು ನಿಮಿಷಕ್ಕೆ ಕೈ ನಿಂತೋಯ್ತು. ಅವರು ಸಾಕು ಅನ್ನಲಿಲ್ಲ, ಅವರ ಪಾಡಿಗೆ ಹುರುಳಿಕಾಯಿ ನಾರು ತೆಗೀತಾ ಕೂತಿದ್ರು, ನಾನೂ ಬಿಡೋ ಹಾಗಿಲ್ಲ. ಏನೂ ಹೊಳೀದೇ ಇದ್ದಾಗ ಗಾಂಧಾರದ ಮೇಲೆ ಸುಮ್ನೆ ನಿಂತೆ, ಮೀಟಿ ನಾದ ಪೂರ್ತಿ ಇಳಿಯೋವರೆಗೆ ಕಾದೆ, ಆಗ ತಾನಾಗೇ ಮುಂದಿನ ಸಂಚಾರ ಬಂತು. "ಹಾಂ, ಈಗ ಕೇಳಿಸ್ಕೊಂಡೆ ನೀನು" ಅಂದ್ರು. ಅಲ್ಲಿವರೆಗೆ ನಾನು ನುಡಿಸ್ತಿದ್ದೆ ಹೊರತು ಕೇಳಿಸ್ಕೊಳ್ತಿರಲಿಲ್ಲ.

ಅಲ್ಲಿಂದ ತಿಂಗಳಿಗೆ ಒಂದೇ ರಾಗ. ಪಾಠವನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ವಾಪಸ್ ಟ್ರೇನಲ್ಲಿ ಕೇಳ್ತಿದ್ದೆ, ಎಲ್ಲಿ ಅದೇ ಸಂಚಾರ ಎರಡನೇ ಸಲ ಬಂತೋ ಅಲ್ಲಿ ಡೈರೀಲಿ ಒಂದು ಗೀಟು. ಶುರೂಲಿ ಶ್ರೀರಂಗಪಟ್ಟಣ ಬರೋಷ್ಟರಲ್ಲಿ ಪುಟ ತುಂಬಾ ಗೀಟು ಇರ್ತಿತ್ತು. ಗೀಟು ಕಮ್ಮಿ ಆದ ಹಾಗೆ ನಿಮಿಷ ಜಾಸ್ತಿ ಆಯ್ತು, ಇದಕ್ಕೆ ಬೇರೆ ಯಾವ ಉಪಾಯನೂ ನನಗೆ ಗೊತ್ತಿಲ್ಲ.

ತಾನ ಅಂತೂ ವೀಣೆಯ ಸ್ವಂತ ಆಸ್ತಿ, ಅದರಲ್ಲೂ ಮೈಸೂರಿನವರಿಗೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ, ತಾನಕ್ಕೆ ಒಪ್ಪೋ ಘನರಾಗ ಐದನ್ನೂ ಇಟ್ಕೊಂಡು ದಿನಾ ಬೆಳಿಗ್ಗೆ ಬರೀ ತಾನ. ಬಲಗೈ ತೋರು, ನಡುಬೆರಳು ಮೀಟ್ತಿದ್ರೆ ಕಿರುಬೆರಳು ಪಕ್ಕದ ತಾಳದ ತಂತಿ ಮೂರನ್ನೂ ಮುಟ್ಟಬೇಕು, ಸುಮ್ನೆ ಲೆಕ್ಕಕ್ಕೆ ಹೊಡೆಯೋದಲ್ಲ, ಉಸಿರು ಬಿಡೋ ಜಾಗದಲ್ಲಿ. ಗೌಳದ ರಿಷಭ ತುಂಬಾ ಕಾಡ್ತು ನನಗೆ. ಆ ರಾಗಕ್ಕೆ ರಿಷಭ ಮೆಟ್ಟಿಗಿಂತ ಒಂಚೂರು ಕೆಳಗೆ ಇರ್ಬೇಕು, ವೀಣೇಲಿ ಮೆಟ್ಟಿನ ಸ್ವರಕ್ಕಿಂತ ಮೇಲೆ ಎಳೀಬಹುದು, ಕೆಳಗೆ ಇಳಿಸೋಕೆ ಆಗಲ್ಲ. ಹಾಗಾಗಿ ಷಡ್ಜದ ಮೆಟ್ಟಿನ ಮೇಲಿಂದ ಎಳೆದು ರಿಷಭ ತರಬೇಕು, ಸಾರಣಿ, ಅಂದ್ರೆ ಮೊದಲ ತಂತೀಲಿ, ಬಿಟ್ಟ ತಂತಿಯೇ ಷಡ್ಜ, ಅದನ್ನ ಎಳೆಯೋಕೆ ಬರಲ್ಲ, ಅದಕ್ಕೆ ಪಂಚಮದ ತಂತಿಗೆ ಹೋಗಿ ಐದನೇ ಮೆಟ್ಟಲ್ಲಿ ಎಳೀಬೇಕು. ಇದನ್ನ ಕೂತ್ಕೊಂಡು ಹುಡುಕಿದ ದಿನ ನಾನು ಊಟ ಮರೆತಿದ್ದೆ. ಎಳೆದೂ ಎಳೆದೂ ಎಡಗೈ ಬೆರಳ ತುದೀಲಿ ಗೆರೆ ಬಿದ್ದು ಸೀಳ್ತಿತ್ತು, ಕೊಬ್ಬರಿ ಎಣ್ಣೆ ಹಚ್ಚದೆ ಕೂರಬೇಡಿ.

ಪ್ರಬಂಧಕ್ಕೂ ಇದೇ ವಿಷಯ ತಗೊಂಡೆ. ದೊರೆಸ್ವಾಮಿ ಅಯ್ಯಂಗಾರ್ಯರ ತಾನದ ರೆಕಾರ್ಡಿಂಗ್‌ಗಳನ್ನ ಫೋನಲ್ಲಿ ಅರ್ಧ ವೇಗಕ್ಕೆ ಇಳಿಸಿ ಒಂದೊಂದು ಮೀಟನ್ನೂ ಸ್ವರ ಹಾಕಿ ಬರೆದೆ. ಒಂದು ನಿಮಿಷದ ತಾನಕ್ಕೆ ಒಂದು ಭಾನುವಾರ ಪೂರ್ತಿ ಬೇಕಾಗ್ತಿತ್ತು. ವಿಷಯ ದೊಡ್ಡದು ತಗೋಬೇಡಿ, ಕರ್ನಾಟಕ ಸಂಗೀತಕ್ಕೆ ಮೈಸೂರಿನ ಕೊಡುಗೆ ತರದ್ದೆಲ್ಲಾ ಬರೆದ್ರೆ ಬೇರೆಯವರ ಪುಸ್ತಕ ನಕಲು ಮಾಡಿದ ಹಾಗಾಗುತ್ತೆ. ನಿಮ್ಮ ಕೈಗೆ ಪ್ರಯೋಜನ ಆಗೋದು ಬರೀರಿ.

ಕಛೇರಿ ಕೇಳೋದರ ಬಗ್ಗೆ ಹೇಳೋದಾದ್ರೆ, ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣಪತಿ ಪೆಂಡಾಲ್, ಕುವೆಂಪುನಗರದ ವೀಣೆ ಶೇಷಣ್ಣ ಭವನ, ದಸರಾದಲ್ಲಿ ಅರಮನೆ ಮುಂದೆ, ಇಷ್ಟು ಬಿಡಲಿಲ್ಲ. ಕೊನೇ ಟ್ರೇನ್ ತಪ್ಪಿದ ದಿನ ಜೊತೆಗಾತಿ ಹಾಸ್ಟೆಲ್ಲಲ್ಲಿ ಮಲಗ್ತಿದ್ದೆ.

ಕೊನೇ ಸೆಮಿಸ್ಟರ್ ಕಛೇರಿಗೆ ಮೃದಂಗದವರನ್ನ ಎರಡು ತಿಂಗಳು ಮುಂಚೆನೇ ಹೇಳಿಟ್ಕೊಳ್ಳಿ, ನಾಲ್ಕು ಸಲನಾದ್ರೂ ಜೊತೆಗೆ ಕೂತು ನುಡಿಸಿ, ಅವರಿಗೆ ಕೊಡೋದನ್ನ ಮೊದಲೇ ಮಾತಾಡ್ಕೊಂಡು ಮರ್ಯಾದೆಯಿಂದ ಕೊಡಿ. ಮೈಕ್ ಬಗ್ಗೆ ಜಾಗ್ರತೆ, ವೀಣೆಗೆ ಅಂಟಿಸೋ ಮೈಕಲ್ಲಿ ಎಡಗೈ ಜಾರಿಸೋ ಸದ್ದು ನಾದಕ್ಕಿಂತ ಜೋರಾಗಿ ಬರುತ್ತೆ, ನಾನು ಎದುರಿಗೆ ಇಡೋ ಮೈಕೇ ಕೇಳಿದೆ. ಕಲ್ಯಾಣೀನೇ ಪ್ರಧಾನ ಮಾಡ್ಕೊಂಡಿದ್ದೆ. ಆಲಾಪನೆ, ತಾನ ಸೇರಿ ಇಪ್ಪತ್ತೆರಡು ನಿಮಿಷ ಆಗಿತ್ತು ಅಂತ ಆಮೇಲೆ ಜೊತೆಗಾತಿ ಹೇಳಿದ್ಲು, ನನಗೆ ಗಡಿಯಾರದ ನೆನಪೇ ಇರಲಿಲ್ಲ. ಅಪ್ಪ ಹಿಂದಿನ ಸಾಲಲ್ಲಿ ಕೊನೇವರೆಗೂ ಕೂತಿದ್ರು.

ಕೆಲಸದ ವಿಷಯ ಮುಚ್ಚಿಡಲ್ಲ. ಡಿಗ್ರಿ ಬಂದ ತಕ್ಷಣ ಯಾರೂ ಕರೆದು ಕೆಲಸ ಕೊಡಲ್ಲ. ಕಾಲೇಜಲ್ಲಿ ಪಾಠ ಮಾಡ್ಬೇಕಂದ್ರೆ ಸಂಗೀತದಲ್ಲೂ ನೆಟ್ ಪರೀಕ್ಷೆ ಇದೆ, ಅದಕ್ಕೆ ಈ ಶಾಸ್ತ್ರದ ಓದು ನೇರವಾಗಿ ಉಪಯೋಗ ಆಗುತ್ತೆ. ಆಕಾಶವಾಣಿ ಗ್ರೇಡ್‌ಗೆ ಆಡಿಷನ್ ಬೇರೆನೇ ಕೊಡ್ಬೇಕು. ನಾನು ಸೊಸೈಟಿ ಕೆಲಸಕ್ಕೆ ವಾಪಸ್ ಹೋಗಲಿಲ್ಲ, ಮಂಡ್ಯದಲ್ಲೇ ಪಾಠ, ವಾರಕ್ಕೆ ಎರಡು ದಿನ ಮೈಸೂರಲ್ಲಿ ಪಾಠ, ದುಡ್ಡು ಆಗಿನ ಸಂಬಳದಷ್ಟೇ ಬರುತ್ತೆ, ಕೆಲವು ತಿಂಗಳು ಕಮ್ಮಿ. ನನಗೆ ಅದರ ಬಗ್ಗೆ ಬೇಸರ ಇಲ್ಲ.

ಈ ಸಲ ಆಡಿಷನ್‌ಗೆ ಹೋಗೋರು ಒಂದು ಸೆಟ್ ತಂತಿ ಚೀಲದಲ್ಲಿ ಇಟ್ಕೊಂಡಿರಿ, ಅರ್ಧ ಗಂಟೆ ಮುಂಚೆ ಹೋಗಿ ಶ್ರುತಿ ಮಾಡ್ಕೊಳ್ಳಿ, ಹೊಸ ತಂತಿ ಹಿಂದಿನ ದಿನ ಹಾಕಬೇಡಿ, ಎಳೆದುಕೊಂಡು ಶ್ರುತಿ ಇಳಿಯುತ್ತೆ, ವಾರ ಮುಂಚೆನೇ ಹಾಕಿ. ಒಂದು ರಾಗ ಆರಿಸ್ಕೊಂಡು ಪಂಚಮ ದಾಟದೆ ಎಷ್ಟು ಹೊತ್ತು ಇರೋಕಾಗುತ್ತೆ ಅಂತ ಮನೇಲಿ ನೋಡ್ಕೊಳ್ಳಿ. ಮಂಡ್ಯ ಕಡೆಯವರಿಗೆ ಮೈಸೂರಲ್ಲಿ ಅಭ್ಯಾಸಕ್ಕೆ ವೀಣೆ ಸಿಗದಿದ್ರೆ ನನ್ನ ಎರಡನೇದು ಖಾಲಿನೇ ಇರುತ್ತೆ, ಹೋದ ತಿಂಗಳಷ್ಟೇ ಮೇಳ ಕಟ್ಟಿಸಿದ್ದೀನಿ.